ಕೋತಿಗೆಂದು ಮಾಡಿಸಿದ ಬಂದೂಕು

ನಮ್ಮ ಕಡೆ ಈ ಕತೆಯನ್ನು ಹೇಳುವುದು ಹೀಗೆ: ಚನ್ನಪಟ್ಟಣದ ಗೊಂಬೆ ಮಾಡುವವನೊಬ್ಬ ಮರದ ಬಂದೂಕನ್ನು ಅಸಲಿಯ ಹಾಗೇ ಮಾಡಿದ, ಅದನ್ನು ಹಿಡಿದುಕೊಂಡು ಒಂದು ಸ್ಕೂಲಿನ ಕಾಂಪೌಂಡಿನೊಳಗೆ ನಿಂತ, ಪೊಲೀಸರು ನಿಜವಾದ್ದೆಂದು ತಿಳಿದು ಲಾಠಿ ಬೀಸಿದರು, ಕೈ ಮುರಿಯಿತು. ಕೊನೆಗೆ ಒಂದು ಮಾತು ಸೇರಿಸುತ್ತಾರೆ: "ಅವರ ತಪ್ಪೂ ಇಲ್ಲ, ಇವನ ತಪ್ಪೂ ಇಲ್ಲ, ಗ್ರಹಚಾರ." ಬಸ್ಸಿನಲ್ಲಿ ಕೇಳಿದ್ದೇನೆ, ಹೋಟೆಲಿನಲ್ಲಿ ಕೇಳಿದ್ದೇನೆ, ನಮ್ಮ ಮನೆಯ ಹಜಾರದಲ್ಲೇ ಕೇಳಿದ್ದೇನೆ. ಒಳ್ಳೆಯ ಕತೆ, ಎಲ್ಲರಿಗೂ ಸಮಾಧಾನ. ತೊಂದರೆ ಒಂದೇ. ಈ ಕತೆಯಲ್ಲಿ ಏಟು ಒಂದು. ಬಿದ್ದದ್ದು ಎರಡು.

ಬಂದೂಕು ಮಾಡಿದವರು ನನ್ನ ಸೋದರಮಾವ. ಮಾಡಿಸಿದವಳು ನಾನು.

ಆ ವರ್ಷ ನಾನು ರಾಮನಗರದಿಂದ ಮಾಗಡಿಗೆ ಹೋಗುವ ರಸ್ತೆಯಲ್ಲಿ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಅತಿಥಿ ಶಿಕ್ಷಕಿಯಾಗಿದ್ದೆ, ಸಮಾಜ ವಿಜ್ಞಾನಕ್ಕೆ. ಚನ್ನಪಟ್ಟಣದ ಮನೆಯಿಂದ ದಿನಾ ಎರಡು ಬಸ್ಸು ಹಿಡಿದು ಹೋಗುತ್ತಿದ್ದೆ. ಸ್ಕೂಲಿನ ಹಿಂದೆ ಬಂಡೆಗುಡ್ಡ, ಪಕ್ಕದಲ್ಲಿ ತೆಂಗಿನ ತೋಟ. ಎರಡರ ಮಧ್ಯೆ ನಮ್ಮ ಬಿಸಿಯೂಟದ ಅಡುಗೆಮನೆ. ಕೋತಿಗಳಿಗೆ ಇದಕ್ಕಿಂತ ಅನುಕೂಲದ ಜಾಗ ಬೇಕಾಗಿರಲಿಲ್ಲ. ಮೊಟ್ಟೆ, ಬಾಳೆಹಣ್ಣು ಕೊಡುವ ದಿನ ಯಾವುದೆಂದು ಹುಡುಗರಿಗಿಂತ ಚೆನ್ನಾಗಿ ಅವಕ್ಕೆ ಗೊತ್ತಿತ್ತು. ಒಂದು ದಿನ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳ ಕೈಯಿಂದ ಹಣ್ಣು ಕಿತ್ತುಕೊಳ್ಳುವಾಗ ಕೋತಿಯೊಂದು ಅವಳ ಕಿವಿ ಪರಚಿತು. ಮಾಗಡಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಇಂಜೆಕ್ಷನ್ ಹಾಕಿಸಿದೆವು. ಮಾರನೇ ದಿನ ಅವಳ ಅಪ್ಪ ಬಂದು ಆಫೀಸ್ ರೂಮಿನ ಬಾಗಿಲಲ್ಲಿ ನಿಂತು ಕೇಳಿದರು: "ನಾನು ಮಗಳನ್ನ ಸ್ಕೂಲಿಗೆ ಕಳಿಸ್ತಾ ಇದ್ದೀನಾ, ಕಾಡಿಗೆ ಕಳಿಸ್ತಾ ಇದ್ದೀನಾ?"

ಕೋತಿ ಹಿಡಿಯುವವರಿಗೆ ಅರ್ಜಿ ಕೊಟ್ಟಾಗಿತ್ತು, ಸರದಿ ಬರಬೇಕಾಗಿತ್ತು. ಪಟಾಕಿ ಹೊಡೆದರೆ ಕೋತಿಗಿಂತ ಮೊದಲು ಎಂಟನೇ ಕ್ಲಾಸಿನವರು ಓಡುತ್ತಿದ್ದರು. ದಾರಿ ತೋರಿಸಿದವರು ಅಡುಗೆ ಅಕ್ಕ.

"ಕೋಲಿಗೆಲ್ಲ ಹೆದರಕ್ಕಿಲ್ಲ ಮಿಸ್ ಅವು, ಹಲ್ಲು ಕಿರೀತವೆ. ನಮ್ಮೂರ ತೋಟದ ಗೌಡ್ರು ಬಂದೂಕ ಎತ್ಕಂಡ್ರೆ ಸಾಕು. ಹಾರ್ಸಂಗೇ ಇಲ್ಲ. ಮರದ್ ಮರ ಖಾಲಿ."

ಬಂದೂಕಿನ ಆಕಾರ ಸಾಕು ಎಂದಮೇಲೆ ನನ್ನ ಮಾವ ಇದ್ದರಲ್ಲ. ಅವರದು ಮೂವತ್ತು ವರ್ಷದ ಕಸುಬು. ಆಲೆ ಮರವನ್ನು ಮೆಷಿನ್ನಿಗೆ ಸಿಕ್ಕಿಸಿ, ಉಳಿ ಹಿಡಿದು ಕಡೆದು, ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ ಬಣ್ಣ ಹತ್ತಿಸಿ, ಒಣಗಿದ ತಾಳೆಗರಿಯಲ್ಲಿ ಉಜ್ಜಿ ಹೊಳಪು ತರುವುದು. ಕೇಳಿದಾಗ ಬಿದ್ದು ಬಿದ್ದು ನಕ್ಕರು. "ಇಷ್ಟ್ ದಿನ ಮಕ್ಕಳಿಗೆ ಮಾಡಿದ್ದಾಯ್ತು, ಈಗ ಕೋತಿಗಾ?" ಎಂದು ಎರಡೇ ದಿನದಲ್ಲಿ ಒಂದು ಬಂದೂಕು ಮಾಡಿಕೊಟ್ಟರು. ಕೆಂಪು ನಳಿಗೆ, ಹಳದಿ ಹಿಡಿ, ನಡುವೆ ಒಂದು ಹಸಿರು ಪಟ್ಟಿ. ಅಡುಗೆ ಅಕ್ಕ ಅದನ್ನು ಎತ್ತಿ ಹಿಡಿದರೆ ನೀರಿನ ಟ್ಯಾಂಕಿನ ಮೇಲೆ ಕೂತಿದ್ದ ಗಂಡು ಕೋತಿ ಕತ್ತು ಓರೆ ಮಾಡಿ ನೋಡಿತು. ಆಮೇಲೆ ಒಂದು ಮೆಟ್ಟಿಲು ಇಳಿದು ಬಂತು.

"ಮಿಸ್, ಇದು ಬಂದೂಕ ಅಂತಲ್ಲ, ಹಣ್ಣು ಅಂತ ನೋಡ್ತಾ ಐತೆ!"

ಕಪ್ಪು ಬಣ್ಣದ ಯೋಚನೆ ನನ್ನದು. ಹೆಡ್‌ಮಾಸ್ಟರು ಒಪ್ಪಲಿಲ್ಲ. "ಬೇಡಮ್ಮ, ಮಕ್ಕಳಿರೋ ಜಾಗ," ಎಂದರು. ನಾನು ವಾದ ಮಾಡಿದೆ. ಚರ್ಚಾಸ್ಪರ್ಧೆಗೆ ಹೋಗಿ ಬೆಳೆದವರಿಗೆ ಮೂರು ನಿಮಿಷ ಸಿಕ್ಕರೆ ಸಾಕು. ಕೋತಿ ಹೆದರಬೇಕಾದ್ದು ಗನ್ನಿಗೆ. ಗನ್ನಿನ ಹಾಗೆ ಕಾಣದ ಗನ್ನು ಬಣ್ಣ ಬಳಿದ ಕೋಲು. ಮಕ್ಕಳ ಕೈಗೆ ಸಿಗಬಾರದು ಅಷ್ಟೇ ತಾನೆ, ಅಡುಗೆಮನೆಯಲ್ಲಿ ಬೀಗ ಹಾಕಿ ಇಡೋಣ. ಹೆಡ್‌ಮಾಸ್ಟರು ಆಗಲಿ ಎಂದರು. ನನ್ನ ವಾದಕ್ಕೆ ಉತ್ತರ ಇತ್ತು, ಈಗ ಗೊತ್ತಾಗುತ್ತದೆ. ಕೋತಿ ನೋಡುವುದನ್ನು ದಾರಿಯಲ್ಲಿ ಹೋಗುವವರೂ ನೋಡುತ್ತಾರೆ. ಆ ದಿನ ಆ ಕೋಣೆಯಲ್ಲಿ ಅದು ಯಾರಿಗೂ ಹೊಳೆಯಲಿಲ್ಲ, ಹೊಳೆಯಲು ನಾನು ಬಿಡಲೂ ಇಲ್ಲ.

ಮಾವನೂ ಹಿಂಜರಿದರು. "ಕರೀ ಸಾಮಾನು ನಮ್ ಮೆಷಿನ್ ಮ್ಯಾಲೆ ಏರಿಲ್ಲ ಕಣ್ ಅಮ್ಮಣ್ಣಿ. ಗೊಂಬೆ ಕಣ್ಣಿಗೊಂದು ಚುಕ್ಕಿ, ಕುದುರೆ ಗೊರಸಿಗೊಂದು ಗೆರೆ. ಕಪ್ಪು ಅಂದ್ರೆ ಅಷ್ಟೇಯ."

"ಮಾಡೋಕೆ ಬರಲ್ಲ ಅಂತ ಹೇಳ್ಬಿಡಿ ಮಾವ, ಬೇರೆಯವರನ್ನ ಕೇಳ್ತೀನಿ."

"ಯಾರವ್ವ ಅದು ಬೇರೆಯವ್ರು?" ಎಂದು ಎದ್ದೇಬಿಟ್ಟರು.

ಮೂರು ಸಲ ಕಪ್ಪು ಅರಗು ಹತ್ತಿಸಿ ತಾಳೆಗರಿ ಹಿಡಿದಾಗ ನಳಿಗೆ ಎಣ್ಣೆ ಸವರಿದ ಕಬ್ಬಿಣದ ಹಾಗಾಯಿತು. ಕೈಗೆ ತೆಗೆದುಕೊಂಡರೆ ಮಾತ್ರ ಮೋಸ ಗೊತ್ತಾಗುತ್ತಿತ್ತು: ಲಟ್ಟಣಿಗೆಯಷ್ಟೂ ತೂಕವಿಲ್ಲ.

ಅದೇ ತಿಂಗಳು ಬೆಂಗಳೂರಿನ ಕೆಲವು ಶಾಲೆಗಳಿಗೆ ಬಾಂಬಿನ ಸುಳ್ಳು ಮೇಲ್ ಬಂದಿತ್ತೆಂದು ಎಲ್ಲ ಕಡೆ ಗಾಬರಿ. ನಮ್ಮಲ್ಲೂ ಪೋಷಕರ ಸಭೆ ಆಯಿತು, ಸುರಕ್ಷತಾ ಸಮಿತಿ ಆಯಿತು, ಅಕ್ಷರ ದುಂಡಗಿದೆ ಎಂದು ಗೇಟಿಗೆ ಸೂಚನೆ ಬರೆಯುವ ಕೆಲಸ ನನಗೆ ಬಂತು. ಚಾರ್ಟ್ ಹಾಳೆಯಲ್ಲಿ ಸ್ಕೆಚ್ ಪೆನ್ನಿನಿಂದ ಬರೆದೆ: "ಆವರಣದಲ್ಲಿ ಅಪರಿಚಿತರು, ಆಯುಧ, ಅನುಮಾನದ ವಸ್ತು ಕಂಡರೆ ಕೂಡಲೇ 112ಕ್ಕೆ ಕರೆ ಮಾಡಿ." ಅಂಕಿಗಳಿಗೆ ಕೆಂಪು ಬಳಿದೆ. ಅಡುಗೆಮನೆಯ ಬೀಗದೊಳಗೆ ಇರುವುದರ ಬಗ್ಗೆ ಸಭೆಯಲ್ಲಿ ಪೋಷಕರಿಗೆ ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಕೋತಿಯ ವಿಷಯವೇ ಬೇರೆ, ಇದೇ ಬೇರೆ ಎಂದುಕೊಂಡಿದ್ದೆವು.

ಕರೀ ಬಂದೂಕಿಗೆ ಕೋತಿಗಳು ಒಂದು ವಾರ ಹೆದರಿದವು. ಎಂಟನೇ ದಿನ ಆ ಗಂಡು ಕೋತಿ ಟ್ಯಾಂಕಿನ ಮೇಲೆ ಬಂದು ಕೂತಿತು. ಒಂಬತ್ತನೇ ದಿನ ಸಂಸಾರ ಸಮೇತ ಬಂತು. ಮನೆಗೆ ಬಂದು ಹೇಳಿದರೆ ಮಾವ ಅದನ್ನು ಅವಮಾನ ಎಂದೇ ತೆಗೆದುಕೊಂಡರು.

"ಕೋತಿ ಕಂಡ್‌ಹಿಡೀತಾ? ಸಾಧ್ಯವೇ ಇಲ್ಲ. ಹಿಡ್ಕೊಳೋರು ಸರಿಯಾಗಿ ಹಿಡ್ಕೊತಿಲ್ಲ. ನಾಳೆ ನಾನೇ ಬತ್ತೀನಿ."

ಗುರುವಾರ ನನ್ನ ಜೊತೆಗೇ ಬಸ್ಸಿನಲ್ಲಿ ಬಂದರು. ನಾನು ಎಂಟನೇ ಕ್ಲಾಸಿಗೆ ಹೋದೆ. ಆ ಕ್ಲಾಸಿನ ಕಿಟಕಿ ಅಡುಗೆಮನೆಯ ಅಂಗಳಕ್ಕೆ ತೆರೆದಿದೆ, ಹಾಗಾಗಿ ನನಗೆ ಎಲ್ಲ ಕಾಣುತ್ತಿತ್ತು. ಮಾವ ಪಾತ್ರೆ ತೊಳೆಯುವ ಕಲ್ಲಿನ ಪಕ್ಕ ನಿಂತು ಬಂದೂಕನ್ನು ಭುಜಕ್ಕೆ ಒತ್ತಿ, ಒಂದು ಕಣ್ಣು ಮುಚ್ಚಿ, ತೆಂಗಿನಮರದ ಕಡೆ ಗುರಿ ಹಿಡಿಯುತ್ತಿದ್ದರು. ಅಡುಗೆ ಅಕ್ಕ ಬಾಗಿಲಲ್ಲಿ ಕೂತು ಸೊಪ್ಪು ಬಿಡಿಸುತ್ತಾ "ಒಸಿ ಮ್ಯಾಲಕ್ಕೆ ಎತ್ತಣ್ಣ, ಅದ್ರ ಮುಖಕ್ಕೆ ಎತ್ತು," ಎನ್ನುತ್ತಿದ್ದರು. ನನ್ನ ಹುಡುಗರು ಪಂಚಾಯತ್ ರಾಜ್ ಬಿಟ್ಟು ಕಿಟಕಿಗೆ ಕಣ್ಣು ಕೊಟ್ಟಿದ್ದರು.

ಅಲ್ಲಿಯ ಕಾಂಪೌಂಡು ಎದೆಮಟ್ಟ. ಆಚೆ ರಸ್ತೆ. ಆ ರಸ್ತೆಯಲ್ಲಿ ಗಾಡಿಯ ಮೇಲೆ ಹುಲ್ಲು ಹೇರಿಕೊಂಡು ಹೋಗುತ್ತಿದ್ದವರು ಕಿವಿ ಪರಚಿಸಿಕೊಂಡ ಹುಡುಗಿಯ ಅಪ್ಪ. ಅವರಿಗೆ ಕಂಡದ್ದು ಗುರಿ ಹಿಡಿದು ನಿಂತ ಅಪರಿಚಿತ ಗಂಡಸು. ಬಾಗಿಲೊಳಗೆ ಕೂತಿದ್ದ ಅಡುಗೆ ಅಕ್ಕ ಕಾಣಲಿಲ್ಲ. ಅವರು ಗೇಟಿನ ತನಕ ಹೋಗಿ, ನಾನು ಕೆಂಪು ಬಳಿದ ಅಂಕಿಗಳನ್ನು ನೋಡಿ, ಒತ್ತಿದರು. ಅವರನ್ನು ಬೈಯಲು ನನಗೆ ಯಾವ ದಾರಿಯೂ ಇಲ್ಲ.

ಪೊಲೀಸರ ಗಾಡಿ ಬೇಗ ಬಂತು. ಇದನ್ನು ದೂರಾಗಿ ಹೇಳುತ್ತಿಲ್ಲ. ಮಕ್ಕಳಿರುವ ಕಡೆಗೆ ಬೇಗ ಬರುವುದೇ ಸರಿ. ವಯಸ್ಸಾದ ಒಬ್ಬರು ಗೇಟಿನ ಕಡೆಯಿಂದ ಹೆಡ್‌ಮಾಸ್ಟರ ರೂಮಿಗೆ ಹೋದರು. ಎಳೆಯ ಕಾನ್‌ಸ್ಟೇಬಲ್ ಒಬ್ಬ ಲಾಠಿ ಹಿಡಿದು ಹಿಂದಿನ ಕಡೆಯಿಂದ ಸೀದಾ ಅಂಗಳಕ್ಕೆ ಬಂದ. "ಏಯ್! ಕೆಳಗಾಕು!" ಎಂದು ಕೂಗಿದ. ಕೂಗಿದ್ದು ನಿಜ, ಮೂರು ಕ್ಲಾಸಿಗೆ ಕೇಳಿಸಿತು.

ಇಲ್ಲಿ ನಮ್ಮ ಮಾವನಂಥವರ ಒಂದು ಅಭ್ಯಾಸ ಹೇಳಬೇಕು. ಮೆಷಿನ್ನಿನಿಂದ ಇಳಿಸಿದ ಸಾಮಾನನ್ನು ಅವರು ಗಿರಾಕಿಗೆ ಅಡ್ಡಲಾಗಿ ಹಿಡಿದು ತೋರಿಸುವುದಿಲ್ಲ. ಅದರ ತುದಿಯನ್ನು ಗಿರಾಕಿಯ ಕಣ್ಣಿಗೆ ನೇರವಾಗಿ ಎತ್ತಿ, ನಿಧಾನವಾಗಿ ಒಂದು ಸುತ್ತು ತಿರುಗಿಸುತ್ತಾರೆ. ಸೊಟ್ಟ ಇದ್ದರೆ ಆಗ ತಿಳಿಯುತ್ತದೆ, ಅರಗು ಎಲ್ಲಾದರೂ ಮಂಕಾಗಿದ್ದರೆ ತಿಳಿಯುತ್ತದೆ. ಬುಗುರಿಯಾಗಲಿ ತೊಟ್ಟಿಲ ಕಾಲಾಗಲಿ ಹಾಗೇ. ಯಾರಾದರೂ ಅನುಮಾನದಿಂದ ನೋಡಿದರೆ ಅವರ ಕೈ ತಾನೇ ಮೇಲೇಳುತ್ತದೆ. ಆ ದಿನವೂ ಎದ್ದಿತು.

"ನಮ್ದೇ ಮಾಲು ಸ್ವಾಮಿ, ನೋಡಿ," ಎಂದರು ಮಾವ, ನಗುತ್ತಾ. ಬಂದೂಕಿನ ಬಾಯಿ ನೇರವಾಗಿ ಕಾನ್‌ಸ್ಟೇಬಲ್ಲನ ಮುಖಕ್ಕಿತ್ತು.

ಮೊದಲನೇ ಏಟು ಮುಂಗೈ ಮೇಲೆ ಬಿತ್ತು. ಈ ಏಟಿನ ಮೇಲೆ ವಾದ ಮಾಡು ಎಂದರೆ ನಾನು ಪರವಾಗಿಯೂ ಮಾತಾಡಬಲ್ಲೆ, ವಿರೋಧವಾಗಿಯೂ ಮಾತಾಡಬಲ್ಲೆ. ಬಂದೂಕು ಕೈತಪ್ಪಿ ತೊಳೆಯುವ ಕಲ್ಲಿನ ಮೇಲೆ ಬಿತ್ತು. ಬೆಣೆ ಮುರಿದು ನಳಿಗೆ ಒಂದು ಕಡೆ, ಹಿಡಿ ಒಂದು ಕಡೆ ಆಯಿತು. ನಳಿಗೆ ಉರುಳಿಕೊಂಡು ಹೋಗಿ ಕಾನ್‌ಸ್ಟೇಬಲ್ಲನ ಬೂಟಿಗೆ ತಾಗಿ ನಿಂತಿತು. ಅರಗು ಸಿಡಿದ ಜಾಗದಲ್ಲಿ ಒಳಗಿನ ಮರ ಬೆಳ್ಳಗೆ ಕಾಣುತ್ತಿತ್ತು. ಆತ ಕೆಳಗೆ ನೋಡಿದ. ಮಾವ, ಕೈಯಿಂದ ಬಿದ್ದ ಸಾಮಾನಲ್ಲವೇ, ಎತ್ತಿಕೊಳ್ಳಲು ಬಗ್ಗಿದರು. ಇಷ್ಟಾಗುವಾಗ ನಾನು ಕಿಟಕಿಯ ಸರಳು ಹಿಡಿದು "ಸರ್, ಅದು ಮರ! ಸರ್, ಅದು ಮರ!" ಎಂದು ಎರಡು ಸಲ ಕೂಗಿದ್ದೆ. ಎರಡು ಸಲ ಕೂಗುವಷ್ಟು ಹೊತ್ತು ಇತ್ತು ಎನ್ನುವುದಕ್ಕೆ ಹೇಳುತ್ತಿದ್ದೇನೆ. ಆಮೇಲೆ ಎರಡನೇ ಏಟು. ಅದು ಬಲಗೈಯ ಮಣಿಕಟ್ಟಿಗೆ.

ಮಾವ ಕಲ್ಲಿನ ಮೇಲೆ ಕೂತುಬಿಟ್ಟರು. ಕೂಗಿದವರು ಅಡುಗೆ ಅಕ್ಕ, ಅದೂ ಒಳಗಿನಿಂದ. ಮೊದಲನೇ ಏಟಿಗೇ ಅವರು ಸೊಪ್ಪು ಬಿಸಾಕಿ ಒಳಗೆ ಓಡಿದ್ದರು. ವಯಸ್ಸಾದ ಪೊಲೀಸರು ಓಡಿ ಬಂದು ನಳಿಗೆ ಎತ್ತಿ ಕೈಯಲ್ಲಿ ತೂಗಿ ನೋಡಿದರು. "ಥೂ, ಆಟದ ಸಾಮಾನು ಕಣಯ್ಯ ಇದು," ಎಂದರು. ಎಳೆಯವನು ಒಳಗೆ ಹೋಗಿ ಒಂದು ಚೊಂಬು ನೀರು ತಂದು ಮಾವನ ಮುಂದೆ ಹಿಡಿದ. ಅವರದೇ ಗಾಡಿಯಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಇದನ್ನೂ ಹೇಳಬೇಕು.

ಮೂಳೆ ಕೂಡಿಕೊಂಡಿತು, ಮಣಿಕಟ್ಟು ತಿರುಗಲಿಲ್ಲ. ಅರಗಿನ ಕೆಲಸ ಪೂರ್ತಿ ಮಣಿಕಟ್ಟಿನದು. ಒತ್ತಿದ್ದು ಜಾಸ್ತಿಯಾದರೆ ಅರಗು ಸುಡುತ್ತದೆ, ಕಡಿಮೆಯಾದರೆ ಮರ ಹಿಡಿಯುವುದಿಲ್ಲ. ಮಾವ ಈಗ ಬೇರೆಯವರು ಕಡೆದ ಮಣಿಗಳನ್ನು ಬಣ್ಣ ನೋಡಿ ಬೇರೆ ಮಾಡುತ್ತಾರೆ, ದಾರಕ್ಕೆ ಪೋಣಿಸುತ್ತಾರೆ. ಬೀದಿಯ ಗೆಳೆಯರು ಹಾದುಹೋಗುವಾಗ "ಏನ್ಲಾ ಗನ್‌ಮ್ಯಾನ್, ಯಾವ್ ಮಂತ್ರಿ ಹಿಂದೆ ಡ್ಯೂಟಿ ಇವತ್ತು?" ಎನ್ನುತ್ತಾರೆ. "ನಿಮ್ಮಪ್ಪನ ಹಿಂದೆ ಕಣ್ಲಾ," ಎಂದು ಮಾವ ನಗುತ್ತಾರೆ. ನಕ್ಕಮೇಲೆ ಎದ್ದು ಬಾಗಿಲು ಮುಂದೆ ಮಾಡಿಕೊಳ್ಳುತ್ತಾರೆ.

ದೂರು ಕೊಟ್ಟೆವು. ಅದಕ್ಕೆ ಮೊದಲು ಬಂದ ಉತ್ತರ: ಆಯುಧದಂತೆ ಕಾಣುವ ವಸ್ತುವನ್ನು ಪೊಲೀಸರ ಕಡೆ ಗುರಿ ಮಾಡಿದ್ದಾರೆ, ಬಿದ್ದ ಮೇಲೂ ಮತ್ತೆ ಕೈಗೆ ತೆಗೆದುಕೊಳ್ಳಲು ಯತ್ನಿಸಿದ್ದಾರೆ, ಬಳಸಿದ ಬಲ ಅಗತ್ಯದಷ್ಟೇ. ಬೇಕಾದರೆ ರಾಜಿ ಆಗಬಹುದು ಎಂದು ಯಾರೋ ಹೇಳಿ ಕಳಿಸಿದರು. ಮಾವ ಒಪ್ಪಲಿಲ್ಲ. ಒಪ್ಪಿದರೆ ಪೊಲೀಸರಿಗೆ ಗುರಿ ಇಟ್ಟವನು ಎನ್ನುವುದು ಕಾಗದದ ಮೇಲೆ ಹಾಗೇ ಉಳಿಯುತ್ತದೆ. ಕೊನೆಗೆ ವಿಚಾರಣೆ ಎಂದಾಯಿತು. ಎರಡನೇ ಏಟು ಬೇಕಿರಲಿಲ್ಲ ಎಂದು ಅಲ್ಲಿ ಬರೆದರೆ ಮಾವನ ಹೆಸರು ತೊಳೆದುಹೋಗುತ್ತದೆ, ಕೈಗೆ ಪರಿಹಾರ ಕೇಳುವ ದಾರಿಯೂ ತೆರೆಯುತ್ತದೆ. ಬರೆಯದಿದ್ದರೆ ಅಲ್ಲಿಗೇ ಮುಗಿಯಿತು. ಎರಡನೇ ಏಟನ್ನು ಕಂಡ ದೊಡ್ಡವರು ನಾನೊಬ್ಬಳೇ. ಮಕ್ಕಳನ್ನು ಸಾಕ್ಷಿಗೆ ಎಳೆಯುವುದು ಬೇಡ ಎಂದು ಹೆಡ್‌ಮಾಸ್ಟರು ಹೇಳಿದ್ದರು, ನಾನೂ ಒಪ್ಪಿದ್ದೆ.

ವಿಚಾರಣೆಯ ಹಿಂದಿನ ದಿನ ಅತ್ತೆ, ಮಾವನ ಹೆಂಡತಿ, ಕಾಫಿ ಕೊಟ್ಟು ಎದುರಿಗೆ ಕೂತರು. "ಎತ್ತಲಿಲ್ಲ ಅನ್ನು. ಅಷ್ಟು ಹೇಳಿದ್ರೆ ಸಾಕು."

"ಎತ್ತಿದ್ರು ಅತ್ತೆ. ನಾನು ನೋಡಿದ್ದೀನಿ."

"ಬಗ್ಗಲಿಲ್ಲ ಅನ್ನು, ಹೋಗ್ಲಿ."

"ಬಗ್ಗಿದ್ರಲ್ಲ."

"ನೀನ್ ಯಾವ್ ಕಡೆಯವ್ಳವ್ವ?" ಎಂದರು ಅತ್ತೆ. "ಚರ್ಚಾಸ್ಪರ್ಧೇಲಿ ಕಪ್ ತಗೊಂಡ್ ಬರೋವಾಗ ಯಾವ್ ಕಡೆ ಮಾತಾಡು ಅಂದ್ರೆ ಆ ಕಡೆ ಮಾತಾಡ್ತಿದ್ದಲ್ಲ. ಈಗೇನ್ ಬಂತು ನಿಂಗೆ ರೋಗ?"

ಇದಕ್ಕೆ ನನ್ನ ಬಳಿ ಒಂದು ಉತ್ತರ ಇತ್ತು: ಮೊದಲನೇದರಲ್ಲಿ ಸುಳ್ಳು ಹೇಳಿ ಸಿಕ್ಕಿಬಿದ್ದರೆ ಎರಡನೇದನ್ನು ಯಾರೂ ನಂಬುವುದಿಲ್ಲ. ಹೇಳಲಿಲ್ಲ, ಅದೂ ಸ್ಪರ್ಧೆಯ ಲೆಕ್ಕದ ಮಾತೇ ಅನ್ನಿಸಿತು. ಮಣಿ ಪೋಣಿಸುತ್ತಿದ್ದ ಮಾವ ತಲೆ ಎತ್ತದೆ ಹೇಳಿದರು: "ಎತ್ತಿದ್ದು ನಿಜ ಕಣೆ. ಎತ್ತದೆ ತೋರ್ಸೋದೆಂಗೆ? ಅದುನ್ನೇ ಹೇಳ್ಲಿ ಬುಡು." ಇನ್ನೊಂದು ಮಣಿ ದಾರಕ್ಕೆ ಹಾಕಿ ನನಗೆ, "ಯಾಕ್ ಎತ್ತಿದ್ದು ಅಂತ್ಲೂ ಹೇಳ್ತೀಯ ಅಲ್ವಾ ಅಮ್ಮಣ್ಣಿ?" ಎಂದರು.

ವಿಚಾರಣೆ ರಾಮನಗರದಲ್ಲಿ. ಹೊರಗೆ ಒಂದೇ ಬೆಂಚು. ಒಂದು ತುದಿಯಲ್ಲಿ ನಾನು, ಇನ್ನೊಂದು ತುದಿಯಲ್ಲಿ ಆ ಕಾನ್‌ಸ್ಟೇಬಲ್. ಸಿವಿಲ್ ಡ್ರೆಸ್ಸಿನಲ್ಲಿ ಇನ್ನೂ ಎಳೆಯವನ ಹಾಗೆ ಕಾಣುತ್ತಿದ್ದ. ನನಗಿಂತ ಒಂದೆರಡು ವರ್ಷ ಚಿಕ್ಕವನೇ ಇರಬೇಕು. ಆತನೇ ಮೊದಲು ಕೇಳಿದ.

"ಅವ್ರ ಕೈ ಹೆಂಗೈತೆ ಮೇಡಂ?"

"ತಿರುಗ್ತಿಲ್ಲ."

"ನಮ್ದು ಉಯ್ಯಂಬಳ್ಳಿ ಕಡೆ," ಎಂದ. "ಆನೆ ಕಾಟ. ನಮ್ ತಾತಂದು ಲೈಸೆನ್ಸ್ ಬಂದೂಕ ಐತೆ, ಎಲೆಕ್ಷನ್ ಬಂದ್ರೆ ಸ್ಟೇಷನ್‌ಗೆ ಕೊಟ್ಬುಟ್ಟು ಬತ್ತೀವಿ. ಚಿಕ್ಕೋನಾಗಿದ್ದಾಗಿಂದ ನೋಡಿದ್ದೀನಿ. ಅದು ಏನ್ ಮಾಡುತ್ತೆ ಅಂತ ನಂಗೊತ್ತು ಮೇಡಂ, ಅದ್ಕೇ ಹೆದರ್ಕೊಂಡಿದ್ದು. ಪ್ಯಾಟೆಯವ್ರಾಗಿದ್ರೆ ಒಂದ್ ನಿಮಿಷ ನೋಡ್ತಾ ನಿಂತಿರೋರೇನೋ. ಅಷ್ಟೊಂದ್ ಮಕ್ಕಳು ಕಿಟಕೀಲಿ."

ಗಟ್ಟಿ ಮಾತು. ಸುಳ್ಳು ಹೇಳುತ್ತಿದ್ದಾನೆ ಎಂದು ನನಗೆ ಅನ್ನಿಸಲಿಲ್ಲ. ಅದೇ ಕಷ್ಟ. ಕೆಟ್ಟವನಾಗಿದ್ದರೆ ಕೆಲಸ ಸುಲಭವಾಗುತ್ತಿತ್ತು.

ಇಬ್ಬರನ್ನೂ ಒಟ್ಟಿಗೆ ಒಳಗೆ ಕರೆದರು. ಅಧಿಕಾರಿ ಮರ್ಯಾದೆಯ ಮನುಷ್ಯ, ನನಗೆ ಕೂರಲು ಹೇಳಿದರು. ಮೇಜಿನ ಮೇಲೆ ಪ್ಲಾಸ್ಟಿಕ್ ಕವರಿನಲ್ಲಿ ಚೀಟಿ ಕಟ್ಟಿದ ಎರಡು ಚೂರು ಇದ್ದವು.

"ಅವರು ಅದನ್ನ ಎತ್ತಿದ್ರಾ?"

"ಎತ್ತಿದ್ರು, ತೋರಿಸೋಕೆ."

"ಎತ್ತಿದ್ರು ಅಂತ ಬರ್ಕೊಳಪ್ಪ," ಎಂದರು ಬರೆಯುವವನಿಗೆ.

"ತೋರಿಸೋಕೆ ಅನ್ನೋದೂ ಬರೀಬೇಕು ಸರ್."

"ಅದು ನಿಮ್ಮ ಅಭಿಪ್ರಾಯ ಕಣಮ್ಮ. ನೀವು ಅವರ ಮನಸ್ಸಿನೊಳಗೆ ಇರಲಿಲ್ಲವಲ್ಲ."

"'ನಮ್ದೇ ಮಾಲು ಸ್ವಾಮಿ, ನೋಡಿ' ಅಂದಿದ್ದು ಅಭಿಪ್ರಾಯ ಅಲ್ಲ ಸರ್. ನನ್ನ ಕಿವಿಗೆ ಬಿದ್ದಿದ್ದು."

ಅವರು ಬರೆದುಕೋ ಎಂದು ಬರೆಯುವವನ ಕಡೆ ತಲೆ ಆಡಿಸಿದರು. "ಆಮೇಲೆ? ಬಗ್ಗಿದ್ರಾ, ತಗೊಳ್ಳೋಕೆ?"

"ಮುರಿದಿದ್ದನ್ನ ತಗೊಳ್ಳೋಕೆ."

ಓದಿ ಹೇಳಿದಾಗ "ಬಿದ್ದ ವಸ್ತುವನ್ನು ತೆಗೆದುಕೊಳ್ಳಲು ಬಗ್ಗಿದರು" ಎಂದಿತ್ತು. ಸಹಿ ಹಾಕುವುದಿಲ್ಲ ಎಂದೆ. ಬರೆಯುವವನು ಪೆನ್ನಿನ ಕ್ಯಾಪು ಕಚ್ಚುತ್ತಾ ಅಧಿಕಾರಿಯ ಮುಖ ನೋಡಿದ. ಆಮೇಲೆ ಸಾಲಿನ ಮೇಲೆ ಒಂದು ಬಾಣದ ಗುರುತು ಹಾಕಿ "ಎರಡು ತುಂಡಾಗಿ ಮುರಿದು" ಎಂದು ಸೇರಿಸಿದ. ಸಹಿ ಹಾಕಿದೆ.

ಹಾಕಿದ ಮೇಲೂ ಎದ್ದೇಳಲಿಲ್ಲ. ಆ ಹಾಳೆಯಲ್ಲಿ ಮಾವ ಏನು ಮಾಡಿದರು ಎನ್ನುವುದೇ ತುಂಬಿಕೊಂಡಿತ್ತು. ಎತ್ತಿದರು, ಬಗ್ಗಿದರು, ತೆಗೆದುಕೊಳ್ಳಲು ಹೋದರು. ಹೊಡೆದವನ ಬಗ್ಗೆ ಒಂದು ಸಾಲೂ ನನ್ನ ಬಾಯಿಂದ ಯಾರೂ ಕೇಳಿರಲಿಲ್ಲ.

"ಸರ್, ಇವರನ್ನ ಒಂದು ಪ್ರಶ್ನೆ ಕೇಳಬಹುದಾ?"

"ಇದು ಕೋರ್ಟಲ್ಲಮ್ಮ. ಕೇಳೋದಿದ್ರೆ ಅವರು ನಿಮ್ಮನ್ನ ಕೇಳ್ಬೋದು, ನೀವು ಅವರನ್ನಲ್ಲ." ಗಡಿಯಾರ ನೋಡಿದರು. ಕಾನ್‌ಸ್ಟೇಬಲ್ ಮೇಜಿನ ಪಕ್ಕ ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದ. "ಕೇಳ್ಲಿ ಬಿಡಿ ಸರ್," ಎಂದ, ತಗ್ಗಿದ ದನಿಯಲ್ಲಿ. ಅಧಿಕಾರಿ ಕುರ್ಚಿಗೆ ಒರಗಿದರು. ಬರೆಯುವವನು ಪೆನ್ನು ಕೆಳಗಿಟ್ಟ.

ಬಸ್ಸಿನಲ್ಲಿ ಬರುತ್ತಾ ಸಿದ್ಧ ಮಾಡಿಕೊಂಡ ಪ್ರಶ್ನೆಗಳು ಬಹಳ ಇದ್ದವು. ಎಲ್ಲ ಚಪ್ಪಾಳೆಗೆ ಸಿದ್ಧ ಮಾಡಿದಂಥವು. ಅವನ್ನು ಬಿಟ್ಟೆ. ಆತನ ಕಡೆ ತಿರುಗಿ ಕೂತೆ.

"ನೀವು ಹೆದರಿಕೊಂಡಿದ್ರಿ ಅನ್ನೋದನ್ನ ನಾನು ಒಪ್ತೀನಿ. ಮೊದಲನೇ ಏಟು ಅದಕ್ಕೇ ಬಿತ್ತು ಅನ್ನೋದನ್ನೂ ಒಪ್ತೀನಿ. ಆಮೇಲೆ ನೀವು ಕೆಳಗೆ ನೋಡಿದ್ರಿ. ಒಳಗಿನ ಬಿಳೀ ಮರ ನಿಮ್ಮ ಬೂಟಿನ ಹತ್ರಾನೇ ಇತ್ತು, ಕಿಟಕಿಯಿಂದ ನನಗೇ ಕಾಣ್ತಿತ್ತು. ನೋಡಿದ ಮೇಲೆ ನಿಮ್ಮ ಕೈ ಮತ್ತೆ ಮೇಲೆ ಹೋಯ್ತು. ಆ ಎರಡನೇ ಏಟು ಯಾವುದಕ್ಕೆ ಹೊಡೆದಿದ್ದು?"